ನೂಕಿದ್ದಲ್ಲ, ಎಳೆದದ್ದು

ಸಾಕ್ಷಿ ಕಟಕಟೆ ಹತ್ತಿ ನಿಂತ ಹೆಂಗಸಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ನ್ಯಾಯಾಧೀಶರು ಹೆಸರೇನೆಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ಕಿವುಡು ಮಕ್ಕಳ ಶಾಲೆಯ ಶಿಕ್ಷಕಿ ಆ ಪ್ರಶ್ನೆಯನ್ನು ಕೈಸನ್ನೆಯಲ್ಲಿ ದಾಟಿಸಿದರು. ಆಕೆ ಶಿಕ್ಷಕಿಯ ಬೆರಳುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಬಾಗಿಲ ಬಳಿ ನಿಂತಿದ್ದ ತನ್ನ ತಾಯಿಯನ್ನು ನೋಡಿದಳು. ಶಿಕ್ಷಕಿ ನಿಧಾನವಾಗಿ ಇನ್ನೊಮ್ಮೆ ಕೇಳಿದರು. ಆಕೆ ತಲೆ ತಗ್ಗಿಸಿ ಸೆರಗಿನ ತುದಿ ತಿರುವತೊಡಗಿದಳು.

ನಾನು ಆ ಮೊಕದ್ದಮೆಯ ಸರ್ಕಾರಿ ಅಭಿಯೋಜಕಿ. ನನ್ನ ಕೈಯಲ್ಲಿದ್ದ ಏಕೈಕ ಪ್ರತ್ಯಕ್ಷ ಸಾಕ್ಷಿ ಆಕೆ.

ಮೇಟಗಳ್ಳಿ ಕಡೆ ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ಹೊಲಿಗೆ ಅಂಗಡಿ ಇತ್ತು. ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳೊಬ್ಬಳು ಕಾರ್ಖಾನೆಗಳ ಯೂನಿಫಾರಂ ಹೊಲಿದುಕೊಟ್ಟು ಜೀವನ ಮಾಡುತ್ತಿದ್ದಳು. ಗುಂಡಿ ಹಾಕುವುದಕ್ಕೆ, ಇಸ್ತ್ರಿ ಮಾಡುವುದಕ್ಕೆ ಈ ಸಾಕ್ಷಿಯನ್ನು ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಅಂಗಡಿಯವಳು ಹೊರಗಿನ ಸಿಮೆಂಟು ಮೆಟ್ಟಿಲ ಮೇಲಿಂದ ಕೆಳಗೆ ಬಿದ್ದಳು. ಕಂಬಿ ಇಲ್ಲದ ಮೆಟ್ಟಿಲು. ತಲೆಗೆ ಪೆಟ್ಟಾಗಿ, ಪ್ರಜ್ಞೆ ಮರಳದೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಗಂಡ ಬಂದು ಜಗಳ ಮಾಡಿ, ಕೊಲ್ಲುವ ಉದ್ದೇಶದಿಂದ ಮೆಟ್ಟಿಲಿನಿಂದ ನೂಕಿದ ಎಂಬುದು ಪೊಲೀಸರ ಆರೋಪಪಟ್ಟಿ.

ಗಂಡ ಬೇರೆಯೇ ಹೇಳುತ್ತಿದ್ದ. ತಾನು ಬಂದದ್ದು ನಿಜ, ಸಮಾಧಾನವಾಗಿ ಮಾತಾಡಿದ್ದು ನಿಜ, ಹೆಂಡತಿ ಮನೆಗೆ ವಾಪಸು ಬರುತ್ತೇನೆ ಎಂದು ಒಪ್ಪಿದ್ದಳು, ತಾನು ಹೊರಟುಬಂದ ಮೇಲೆ ಇಸ್ತ್ರಿ ಪೆಟ್ಟಿಗೆ ರಿಪೇರಿಗೆ ಕೊಡಲು ಇಳಿಯುವಾಗ ಕಾಲು ಜಾರಿರಬೇಕು. ಈ ಕಥೆಗೆ ಆಧಾರವೂ ಇತ್ತು. ಆಕೆ ಬಿದ್ದಿದ್ದ ಜಾಗದ ಪಕ್ಕದಲ್ಲೇ ಭಾರದ ಇಸ್ತ್ರಿ ಪೆಟ್ಟಿಗೆ ಬಿದ್ದಿತ್ತು. ಕೆಳಗಿನ ವರ್ಕ್‌ಶಾಪಿನ ಮೇಸ್ತ್ರಿ ಆಗಲೇ ಸಾಕ್ಷ್ಯ ನುಡಿದಿದ್ದ. ಕಬ್ಬಿಣ ಬಿದ್ದಂಥ ದೊಡ್ಡ ಸದ್ದಾಯಿತು, ಓಡಿಬಂದೆ, ಹೆಂಗಸು ಬಿದ್ದಿದ್ದಳು, ಬೇರೆ ಯಾರೂ ಕಾಣಲಿಲ್ಲ ಎಂದಿದ್ದ.

ಕಟಕಟೆಯಲ್ಲಿ ಮೌನ ಮುಂದುವರಿದಾಗ ಆರೋಪಿ ಪರ ವಕೀಲರು ಎದ್ದರು. ವಯಸ್ಸಾದವರು, ಎಂದೂ ದನಿ ಏರಿಸದವರು.

"ಮಹಾಸ್ವಾಮಿ, ತಮ್ಮ ಹೆಸರು ಏನು ಅನ್ನೋದನ್ನೇ ಹೇಳಲಾರದವರು ಕಂಡದ್ದನ್ನು ಹೇಗೆ ಹೇಳ್ತಾರೆ? ಇವರು ಸಾಕ್ಷ್ಯ ನುಡಿಯಲು ಸಮರ್ಥರಲ್ಲ ಅಂತ ದಾಖಲಿಸಬೇಕು."

ಬಾಗಿಲ ಬಳಿಯಿಂದ ತಾಯಿ ಕೂಗಿದರು. "ಸ್ವಾಮಿ, ಅವ್ಳು ಏಳಾದು ನಂಗೆ ಗೊತ್ತಾಯ್ತದೆ. ನಾನೇ ಏಳ್ತೀನಿ."

ನ್ಯಾಯಾಲಯದ ದಫೇದಾರ ಆಕೆಯನ್ನು ಸುಮ್ಮನಿರಿಸಿದ. ತಾಯಿಯ ಬಾಯಿಂದ ಬಂದರೆ ಅದು ಮಗಳ ಸಾಕ್ಷ್ಯ ಆಗುವುದಿಲ್ಲ ಎಂದು ವಕೀಲರು ಆಕ್ಷೇಪಿಸಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮಾತು ಬಾರದ ಸಾಕ್ಷಿ ತುಂಬಿದ ನ್ಯಾಯಾಲಯದಲ್ಲಿ ತನ್ನ ಸನ್ನೆಯಿಂದಲೇ ಹೇಳಬೇಕು. ಮೊಕದ್ದಮೆಗೆ ಸಂಬಂಧವಿಲ್ಲದ ಭಾಷಾಂತರಕಾರರು ಪ್ರಮಾಣ ಮಾಡಿ ಅದನ್ನು ತಿಳಿಸಬೇಕು. ಎಲ್ಲವೂ ವಿಡಿಯೋ ಆಗಬೇಕು. ನಾನು ಕಾಲಾವಕಾಶ ಕೇಳಿದೆ. ನ್ಯಾಯಾಧೀಶರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿ, "ಒಂದೇ ಅವಕಾಶ. ಮುಂದಿನ ಸಲವೂ ಹೀಗೇ ಆದರೆ ಈ ಸಾಕ್ಷಿಯನ್ನು ಕೈಬಿಟ್ಟು ಮುಂದೆ ಹೋಗ್ತೀನಿ" ಎಂದರು.

ಹೊರಗೆ ಕಾರಿಡಾರಿನಲ್ಲಿ ಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದರು. "ನಾನು ಮಾಡಿದ್ದು ಶಾಲೆಯಲ್ಲಿ ಕಲಿಸೋ ಸನ್ನೆ ಕಣ್ರೀ. ಇವರು ಶಾಲೆ ಮೆಟ್ಟಿಲೇ ಹತ್ತಿಲ್ಲ. ಮನೆಯಲ್ಲಿ ತಾವೇ ಕಟ್ಟಿಕೊಂಡಿರೋ ಸನ್ನೆ ಇವರದ್ದು. ನನಗೆ ಅದು ಬರಲ್ಲ, ಇವರಿಗೆ ನನ್ನದು ಬರಲ್ಲ."

"ಕಲಿಯೋಕೆ ಆಗುತ್ತಾ?"

"ಯಾರು, ಅವರಾ?"

"ನೀವು."

"ಪ್ರಯತ್ನ ಮಾಡ್ತೀನಿ" ಎಂದರು.

ಶಾಲೆ ಮುಗಿದ ಮೇಲೆ ಅವರು ನನ್ನ ಕಚೇರಿಗೆ ಬರತೊಡಗಿದರು. ಕೇಸಿನ ಕಟ್ಟುಗಳ ನಡುವೆ ಒಂದು ಮೇಜು ತೆರವು ಮಾಡಿಕೊಟ್ಟೆ. ನಾನು ಹಾಕಿದ್ದು ಒಂದೇ ಷರತ್ತು: ಆ ಮಧ್ಯಾಹ್ನದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಕೂಡದು. ಭಾಷೆ ಕಲಿಯಿರಿ, ಘಟನೆ ಮುಟ್ಟಬೇಡಿ. ನಾಳೆ ಕಟಕಟೆಯಲ್ಲಿ "ಹೇಳಿಕೊಟ್ಟಿದ್ದಾರೆ" ಎಂಬ ಮಾತು ಬಂದೇ ಬರುತ್ತದೆ, ಆಗ ಇಬ್ಬರೂ ಧೈರ್ಯವಾಗಿ ಇಲ್ಲ ಎನ್ನುವಂತಿರಬೇಕು. ತಾಯಿ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದರು.

ಗುಂಡಿ, ದಾರ, ಬಟ್ಟೆ ಚೂರುಗಳಿಂದ ಅವರ ಪಾಠ ಶುರುವಾಯಿತು. ಬೇರೆ ಕೇಸಿನ ಜನ ನನ್ನ ಮುಂದೆ ಕೂತು ಮಾತಾಡುತ್ತಿದ್ದರೆ ಆ ಮೂಲೆಯಲ್ಲಿ ನಾಲ್ಕು ಕೈಗಳು ಓಡಾಡುತ್ತಿದ್ದವು. ಒಂದು ದಿನ ಇಬ್ಬರೂ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ಕೊಂಡು ಬಂದರು. ಇನ್ನೊಂದು ದಿನ ಶಿಕ್ಷಕಿ ಏನೋ ತಪ್ಪು ಸನ್ನೆ ಮಾಡಿದಾಗ ಸಾಕ್ಷಿ ಮೇಜಿಗೆ ತಲೆ ಇಟ್ಟು ನಕ್ಕಳು. ನಿನ್ನೆ, ನಾಳೆ, ಮೊದಲು, ಆಮೇಲೆ ಎಂಬುದಕ್ಕೆ ಆಕೆಯ ಬಳಿ ಸನ್ನೆಗಳೇ ಇರಲಿಲ್ಲ. ಊಟ, ನಿದ್ದೆಗಳನ್ನು ಹಿಡಿದು ಹೊತ್ತು ಹೇಳುತ್ತಿದ್ದಳು. ನನಗೆ ಆತಂಕ ಹೆಚ್ಚುತ್ತಿತ್ತು. ದಿನಾಂಕ ಹತ್ತಿರ ಬರುತ್ತಿತ್ತು.

ವಿಚಾರಣೆಗೆ ಮುಂಚೆ ಸಾಕ್ಷಿಯನ್ನು ಒಮ್ಮೆ ಮಾತಾಡಿಸುವುದು ನನ್ನ ಕೆಲಸದ ಭಾಗ. ಶಿಕ್ಷಕಿ ಸಿದ್ಧ ಎಂದ ಮೇಲೆ ಬಾಗಿಲು ಮುಚ್ಚಿಸಿ ಮೊದಲ ಪ್ರಶ್ನೆ ಕೇಳಿಸಿದೆ. ಅವತ್ತು ಏನಾಯಿತು?

ಆಕೆ ಎದ್ದು ನಿಂತಳು. ಮೀಸೆ ತಿರುವಿ ಗಂಡನನ್ನು ತೋರಿಸಿದಳು. ಬಾಗಿಲು ತೋರಿಸಿದಳು. ಆಮೇಲೆ ಎರಡೂ ಕೈಯಲ್ಲಿ ಯಾವುದನ್ನೋ ಬಿಗಿಯಾಗಿ ಹಿಡಿದು ತನ್ನ ಕಡೆಗೆ ಜಗ್ಗಿದಳು.

"ಇನ್ನೊಂದ್ಸಲ" ಎಂದೆ.

ಮತ್ತೆ ಅದೇ. ಹಿಡಿದು, ತನ್ನ ಕಡೆಗೆ.

ನಾನು ಕಡತ ತೆರೆದು ಪೊಲೀಸರ ಮುಂದೆ ಆಕೆ ಕೊಟ್ಟಿದ್ದ ಹೇಳಿಕೆ ಓದಿದೆ. ಅಲ್ಲಿ 'ನೂಕಿದನು' ಎಂದಿತ್ತು. ತಾಯಿಯನ್ನು ಒಳಗೆ ಕರೆದು, ಅವತ್ತು ಠಾಣೆಯಲ್ಲಿ ಮಗಳು ತೋರಿಸಿದ್ದು ಏನು ಎಂದು ಕೇಳಿದೆ.

"ಇದೇಯ ತೋರಿಸಿದ್ದು ಮೇಡಂ" ಎಂದರು ತಾಯಿ. "ಅವ್ರು ನೂಕ್ಬುಟ್ನಾ ಅಂತ ಕೇಳಿದ್ರು. ಎಂಗೋ ಬಿದ್ಲಲ್ಲ, ನಾನು ಊಂ ಅಂದ್ಬುಟ್ಟೆ. ಅಷ್ಟೊಂದು ಯತ್ಯಾಸ ಆಯ್ತದಾ?"

ಆ ಒಂದು ಹೂಂನಿಂದ ಆಗುವ ವ್ಯತ್ಯಾಸ ದೊಡ್ಡದಿತ್ತು. ಮೆಟ್ಟಿಲ ಅಂಚಿನಿಂದ ನೂಕುವವನಿಗೆ ಕೊಲ್ಲುವ ಉದ್ದೇಶವಿತ್ತೆಂದು ವಾದಿಸಬಹುದು. ಕೈಹಿಡಿದು ಎಳೆಯುವವನು ಕರೆದುಕೊಂಡು ಹೋಗಲು ಬಂದವನು. ಬಿದ್ದರೆ ಸಾಯಬಹುದೆಂದು ಗೊತ್ತಿದ್ದೂ ಎಳೆದ ಎನ್ನಬಹುದೇ ಹೊರತು, ಸಾಯಿಸಲೆಂದೇ ಎಳೆದ ಎನ್ನುವುದು ಕಷ್ಟ. ಕೊಲೆಯ ಆರೋಪ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೊದಲು ನೂಕಿದ, ಈಗ ಎಳೆದ ಎಂದರೆ ಸಾಕ್ಷಿಯೇ ಸುಳ್ಳುಗಾತಿ ಎಂದು ಎಲ್ಲವೂ ಬಿದ್ದುಹೋಗಬಹುದು.

ತನಿಖೆ ಮಾಡಿದ್ದ ಇನ್‌ಸ್ಪೆಕ್ಟರ್ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿದ್ದರು. ಫೋನ್ ಮಾಡಿದೆ. ಕೇಳಿಸಿಕೊಂಡು, "ಮೇಡಂ, ಎಳೆದ ಅಂದ್ರೆ ಕೇಸು ಕೈಬಿಟ್ಟು ಹೋಗುತ್ತೆ" ಎಂದರು. "ಆ ಟೀಚರ್ ಹೇಗೂ ದಿನಾ ಬರ್ತಾರಲ್ಲ. ಕೈ ಮುಂದಕ್ಕೆ ಮಾಡಿ ತೋರಿಸು ಅಂತ ಒಂದೆರಡು ಸಲ ಹೇಳಿಕೊಡ್ಲಿ. ಅವನೇ ಸಾಯಿಸಿದ್ದು ಅನ್ನೋದರಲ್ಲಿ ನಿಮಗೇನಾದ್ರೂ ಅನುಮಾನ ಇದೆಯಾ?"

ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಅವನು ತಪ್ಪಿತಸ್ಥ ಎಂದು ನನಗೆ ಗೊತ್ತಿತ್ತು, ಒಂದು ಕೈಯ ದಿಕ್ಕು ಬದಲಾದರೆ ಅವನು ಜೀವಾವಧಿಗೆ ಹೋಗುತ್ತಿದ್ದ, ಹಾಗೆ ಬದಲಾಯಿಸಿದ್ದು ಎಂದೂ ಯಾರಿಗೂ ತಿಳಿಯುತ್ತಿರಲಿಲ್ಲ.

"ಆಗಲ್ಲ ಸರ್" ಎಂದು ಫೋನ್ ಇಟ್ಟೆ.

ಸತ್ತವಳ ತಂದೆಗೆ ವಿಷಯ ತಿಳಿಸಬೇಕಿತ್ತು. ಇಲವಾಲದ ಆಚೆ ಒಂದು ಹಳ್ಳಿಯವರು, ಗೂಡ್ಸ್ ಆಟೋ ಓಡಿಸುತ್ತಿದ್ದರು. ಪ್ರತಿ ದಿನಾಂಕಕ್ಕೂ ಬಾಡಿಗೆ ಬಿಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅವರನ್ನು ಕೂರಿಸಿ ಇದ್ದದ್ದನ್ನು ಹೇಳಿದೆ. ಕೊಲೆ ಎಂದು ತೀರ್ಪು ಬಾರದೆ ಹೋಗಬಹುದು, ಶಿಕ್ಷೆ ಕಡಿಮೆಯಾಗಬಹುದು, ಬಿಡುಗಡೆಯೂ ಆಗಬಹುದು ಎಂದೆ.

ಅವರು ಕೈಯಲ್ಲಿದ್ದ ಟವೆಲ್ ಮಡಿಸಿದರು.

"ನೂಕುದ್ರೇನು, ಎಳುದ್ರೇನು ಮೇಡಂ? ನನ್ನ ಮಗ್ಳು ವೋದ್ಲು."

"ಅದು ನನಗೂ ಗೊತ್ತು ಯಜಮಾನ್ರೇ."

"ಗೊತ್ತಿದ್ರೆ ಯಾಕಿಂಗೆ? ಅವುನ್ ಲಾಯರ್ರು ಅವುನ್ ಪರವಾಗಿ ಏಳ್ತಾರೆ. ನಮ್ಮ ಪರ ಅಂತ ಸರ್ಕಾರ ನಿಮ್ಮುನ್ನ ಇಟ್ಟದೆ. ನೀವು ಯಾರ ಕಡೆ?"

ನಡೆದದ್ದು ಏನೋ ಅದರ ಕಡೆ ಎಂದೆ. ಬಾಯಿಂದ ಹೊರಬಿದ್ದೊಡನೆ ಅದು ಬರೀ ಪುಸ್ತಕದ ಮಾತಿನಂತೆ ಕೇಳಿಸಿತು. ಅವರು ಎದ್ದು ನಿಂತು, "ಮೇಲಿನವ್ರಿಗೆ ಬರೀತೀನಿ. ಬೇರೆಯವ್ರುನ್ನ ಆಕ್ಲಿ" ಎಂದು ಹೊರಟುಹೋದರು. ಬರೆಯುವ ಹಕ್ಕು ಅವರಿಗಿತ್ತು. ಅವರನ್ನು ತಡೆಯಲಿಲ್ಲ.

ವಿಚಾರಣೆಯ ದಿನ ಬೆಳಿಗ್ಗೆ ನಾನೊಂದು ಮೆಮೊ ಸಲ್ಲಿಸಿದೆ. ಪೊಲೀಸರ ಮುಂದಿನ ಹೇಳಿಕೆಯನ್ನು ತಾಯಿಯ ಮೂಲಕ ಪಡೆಯಲಾಗಿದೆ, ಸಾಕ್ಷಿ ಈಗ ತಿಳಿಸುವುದು ಅದಕ್ಕಿಂತ ಭಿನ್ನವಾಗಿರಬಹುದು, ಆದರೂ ಆಕೆಯನ್ನು ನಾನು ಅಭಿಯೋಜನೆಯ ಸಾಕ್ಷಿಯಾಗಿಯೇ ವಿಚಾರಿಸುತ್ತೇನೆ ಎಂದು ಬರೆದಿದ್ದೆ. ಅದರ ಒಂದು ಪ್ರತಿ ಎದುರು ಪಕ್ಷಕ್ಕೂ ಕೊಟ್ಟೆ. ವಕೀಲರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅಸ್ತ್ರವನ್ನು ನಾನೇ ಅವರ ಕೈಗೆ ಕೊಟ್ಟಂತಾಗಿತ್ತು. ಕೊನೆಯ ಬೆಂಚಿನಲ್ಲಿ ತಂದೆ ಕೂತಿದ್ದರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ.

ಶಿಕ್ಷಕಿ ಪ್ರಮಾಣ ಮಾಡಿದರು. ಕ್ಯಾಮೆರಾ ಸಾಕ್ಷಿಯ ಕೈಗಳ ಕಡೆ ತಿರುಗಿತು. ನ್ಯಾಯಾಧೀಶರು ಹೆಸರು ಕೇಳಿದರು. ಶಿಕ್ಷಕಿ ಈ ಸಲ ಶಾಲೆಯ ಸನ್ನೆ ಮಾಡಲಿಲ್ಲ. ಮನೆಯಲ್ಲಿ ಆಕೆಯನ್ನು ಕರೆಯುವ ಹಾಗೆ ಕೆನ್ನೆಯ ಮೇಲಿನ ಮಚ್ಚೆಯ ಜಾಗ ಮುಟ್ಟಿ ತೋರಿಸಿದರು. ಆಕೆ ತಟ್ಟನೆ ತನ್ನ ಮಚ್ಚೆ ಮುಟ್ಟಿಕೊಂಡು ತಲೆಯಾಡಿಸಿದಳು. ನಾನು ಪ್ರಶ್ನೆಗಳ ಕಾಗದ ಹಿಡಿದು ಎದ್ದೆ.

ನನ್ನ ವಿಚಾರಣೆ ಚಿಕ್ಕದು. ಯಾರು ಬಂದರು, ಏನು ಮಾಡಿದರು, ಅವರು ಎಲ್ಲಿದ್ದರು, ನೀವು ಎಲ್ಲಿದ್ದಿರಿ. ಎಳೆದದ್ದನ್ನು ತೋರಿಸುವಾಗ ಆಕೆ ಕಟಕಟೆಯಿಂದ ಇಳಿಯಲು ಅಪ್ಪಣೆ ಕೇಳಿದಳು. ಶಿಕ್ಷಕಿಯನ್ನು ಹೊಲಿಗೆ ಅಂಗಡಿಯವಳ ಜಾಗದಲ್ಲಿ ನಿಲ್ಲಿಸಿ, ಬಾಗಿಲ ಚೌಕಟ್ಟಿನ ಕಡೆ ಬೆರಳು ತೋರಿಸಿ, ಅವರ ಒಂದು ಕೈಯಿಂದ ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿಸಿದಳು. ಇನ್ನೊಂದು ಕೈಯ ಮಣಿಕಟ್ಟು ಹಿಡಿದು ತಾನು ಜಗ್ಗಿದಳು. ಶಿಕ್ಷಕಿ ತೂಗಾಡಿದರು. ಆಕೆ ಬಿಡದೆ ಮತ್ತೆ ಜಗ್ಗಿ, ಮರ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಅಂಗೈಯನ್ನು ಗಾಳಿಯಲ್ಲಿ ಮಗುಚಿ ಕೆಳಗೆ ಬೀಳಿಸಿದಳು. ಮತ್ತೆ ಮೀಸೆ ತಿರುವಿ ಗಂಡನಾದಳು. ಇಳಿದುಬಂದಳು, ಬಗ್ಗಿ ನೋಡಿದಳು, ತನ್ನ ಸೀರೆಯ ನೆರಿಗೆ ಎತ್ತಿಕೊಂಡು, ಬಿದ್ದವಳನ್ನು ದಾಟಿ ಹೋದದ್ದನ್ನು ತೋರಿಸಿದಳು.

ನ್ಯಾಯಾಧೀಶರು ಅದನ್ನು ಬರೆಸಿದರು. "ಮೃತಳು ಹೋಗಲು ಒಪ್ಪದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳೆಂದು ಸಾಕ್ಷಿ ಅಭಿನಯಿಸಿ ತೋರಿಸಿರುತ್ತಾರೆ."

ಪಾಟೀಸವಾಲಿಗೆ ಆರೋಪಿ ಪರ ವಕೀಲರು ಎದ್ದರು. ನಿರೀಕ್ಷಿಸಿದ್ದ ಪ್ರಶ್ನೆಯೇ ಮೊದಲು ಬಂತು.

"ಪೊಲೀಸರಿಗೆ ನೂಕಿದ ಅಂತ ಹೇಳಿದ್ರಿ. ಇವತ್ತು ಎಳೆದ ಅಂತೀರಿ. ಇದನ್ನು ಯಾರು ಹೇಳಿಕೊಟ್ಟರು?"

ಶಿಕ್ಷಕಿಗೆ ಅದನ್ನು ದಾಟಿಸುವುದು ಕಷ್ಟವಾಯಿತು. ಪೊಲೀಸರ ಟೋಪಿ ತೋರಿಸಿ, ಬರೆಯುವವನನ್ನು ತೋರಿಸಿ, ನೂಕುವುದನ್ನೂ ಎಳೆಯುವುದನ್ನೂ ತೋರಿಸಿ ಎರಡು ಸಲ ಕೇಳಿದರು. ಸಾಕ್ಷಿಯ ಹುಬ್ಬು ಗಂಟಿಕ್ಕಿತು. ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಆಕೆ ತಾಯಿಯ ಕಡೆ ಬೆರಳು ತೋರಿಸಿ, ಬೆರಳುಗಳನ್ನು ಬಾಯಿಯಂತೆ ಪಟಪಟ ಆಡಿಸಿದಳು. ಟೋಪಿಯವನು ಆ ಬಾಯಿಯನ್ನೇ ನೋಡುತ್ತ ಬರೆಯುವುದನ್ನು ತೋರಿಸಿದಳು. ಆಮೇಲೆ ತನ್ನೆರಡು ಕೈಗಳನ್ನು ಮುಂದೆ ಚಾಚಿ, ಮುಖವನ್ನು ಅತ್ತ ತಿರುಗಿಸಿಕೊಂಡಳು.

ಶಿಕ್ಷಕಿ ನ್ಯಾಯಾಧೀಶರ ಕಡೆ ತಿರುಗಿದರು. "ಅವರು ಅಮ್ಮನ ಬಾಯಿ ನೋಡುತ್ತಿದ್ದರು, ನನ್ನ ಕೈ ನೋಡಲಿಲ್ಲ ಅಂತಾರೆ."

ವಕೀಲರು ಕಾಗದ ತಿರುವಿದರು. ಅವರ ಬಳಿ ಇನ್ನೊಂದು ಪ್ರಶ್ನೆ ಇದೆಯೆಂದು ನನಗೆ ಗೊತ್ತಿತ್ತು. ಅದಕ್ಕೆ ನಾನು ಹೆದರಿದ್ದೆ.

"ಬೀಳುವಾಗ ಆಕೆಯ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು, ಅಲ್ಲವೇ?"

ಕಚೇರಿಯಲ್ಲಿ ನಾನೂ ಇದನ್ನು ಕೇಳಿಸಿದ್ದೆ. ಕೈಯಲ್ಲಿ ಇರಲಿಲ್ಲ ಎಂಬುದು ಸ್ಪಷ್ಟವಾಗಿತ್ತು. ಹಾಗಾದರೆ ಕೆಳಗೆ ಹೇಗೆ ಬಂತು ಎಂದಾಗ ಆಕೆ ಎತ್ತಿ ಎಸೆಯುವುದನ್ನು ತೋರಿಸಿದ್ದಳು. ಯಾರು ಎಸೆದರು, ಯಾಕೆ ಎಸೆದರು ಎಂಬುದು ನನಗಾಗಲಿ ಶಿಕ್ಷಕಿಗಾಗಲಿ ತಿಳಿದಿರಲಿಲ್ಲ. ಗಂಡ ಸಿಟ್ಟಿನಲ್ಲಿ ಎಸೆದನೇನೋ ಅಂದುಕೊಂಡು, ಖಚಿತವಿಲ್ಲದ್ದನ್ನು ನಾನು ಮುಖ್ಯ ವಿಚಾರಣೆಯಲ್ಲಿ ಮುಟ್ಟಿರಲಿಲ್ಲ.

ಸಾಕ್ಷಿ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದರೆ ಅದು ಮೆಟ್ಟಿಲ ಕೆಳಗೆ ಹೇಗೆ ಹೋಯ್ತು? ತಾನಾಗೇ ನಡೆದುಕೊಂಡು ಹೋಯ್ತಾ?"

ಯಾರೋ ನಕ್ಕರು. ಆಕೆಗೆ ಆ ನಗು ಕೇಳಿಸಲಿಲ್ಲ. ಶಿಕ್ಷಕಿ ಪ್ರಶ್ನೆ ದಾಟಿಸಿದರು. ಆಕೆ ತನ್ನ ಎದೆ ಮುಟ್ಟಿಕೊಂಡಳು. ನಾನು. ಬಾಯಿ ದೊಡ್ಡದಾಗಿ ತೆರೆದು, ಗಂಟಲು ಹಿಡಿದುಕೊಂಡು, ಕೈ ಅಲ್ಲಾಡಿಸಿದಳು. ನೆಲದ ಕಡೆ ಬೆರಳು ತೋರಿಸಿ, ಲೇತ್ ತಿರುಗಿಸುವ ಹಾಗೆ ಮಾಡಿ, ಕಿವಿ ಮುಟ್ಟಿದಳು. ಆಮೇಲೆ ಬಗ್ಗಿ, ಭಾರವಾದ ಏನನ್ನೋ ಎರಡೂ ಕೈಯಲ್ಲಿ ಎತ್ತಿ, ತಲೆಯ ಮೇಲಕ್ಕೊಯ್ದು, ನ್ಯಾಯಾಲಯದ ನಡುವಿಗೆ ಎಸೆದಳು. ಬರಿಗೈ. ಆದರೂ ಮುಂದಿನ ಸಾಲಿನ ಕಿರಿಯ ವಕೀಲನೊಬ್ಬ ಹಿಂದೆ ಸರಿದ. ಎಸೆದು, ಕೆಳಗೆ ಬಗ್ಗಿ ನೋಡುತ್ತ ನಿಂತಳು. ಕೊನೆಗೆ ಎರಡು ಬೆರಳುಗಳನ್ನು ಓಡಿಸಿ, ಕೆಳಗಿನಿಂದ ಒಬ್ಬ ಓಡಿಬಂದದ್ದನ್ನು ತೋರಿಸಿದಳು.

ಟೈಪಿಸ್ಟ್ ಬೆರಳು ನಿಲ್ಲಿಸಿದ್ದ. ನ್ಯಾಯಾಧೀಶರೇ ಕೇಳಿದರು. "ಯಾಕೆ ಎಸೆದ್ರಂತೆ?"

"ಕೂಗೋಕೆ ತನಗೆ ಬರಲ್ಲ" ಎಂದರು ಶಿಕ್ಷಕಿ. "ಕೆಳಗಿನವರಿಗೆ ಕೇಳಿಸಲಿ, ಯಾರಾದರೂ ಬರಲಿ ಅಂತ."

ಮೇಸ್ತ್ರಿ ಕೇಳಿದ್ದ ಕಬ್ಬಿಣದ ಸದ್ದು ಅದು. ಅವನು ಓಡಿಬರುವಷ್ಟರಲ್ಲಿ ಗಂಡ ದಾಟಿ ಹೋಗಿಯಾಗಿತ್ತು. ವಕೀಲರು "ಬೇರೆ ಪ್ರಶ್ನೆ ಇಲ್ಲ" ಎಂದು ಕೂತರು.

ಮುಂದಿನ ದಿನಾಂಕಕ್ಕೆ ಶವಪರೀಕ್ಷೆ ಮಾಡಿದ ವೈದ್ಯರು ಬಂದರು. ಮಣಿಕಟ್ಟಿನ ಸುತ್ತ ಇದ್ದ ಕಂದಿದ ಗಾಯ ಬಿದ್ದಾಗ ಆಗುವಂಥದಲ್ಲ, ಬಿಗಿಯಾಗಿ ಹಿಡಿದು ಎಳೆದರೆ ಆಗುವಂಥದ್ದು ಎಂದು ನುಡಿದರು. ನೂಕಿದ ಕಥೆಯೊಳಗೆ ಆ ಗಾಯಕ್ಕೆ ಜಾಗವೇ ಇರಲಿಲ್ಲ.

ಕೊನೆಯ ವಾದದಲ್ಲಿ ನಾನು ಕೊಲೆ ಎಂದು ಒತ್ತಾಯಿಸಲಿಲ್ಲ. ಸಾಯಿಸುವ ಉದ್ದೇಶ ಸಾಬೀತಾಗಿಲ್ಲ; ಕಂಬಿಯಿಲ್ಲದ ಮೆಟ್ಟಿಲಲ್ಲಿ ಹಾಗೆ ಎಳೆದರೆ ಸಾವು ಬರಬಹುದೆಂಬ ತಿಳಿವಳಿಕೆ ಅವನಿಗಿತ್ತು ಎಂಬುದು ಸಾಬೀತಾಗಿದೆ ಎಂದೆ. ಇದನ್ನು ಹೇಳುವಾಗ ಹಿಂದಿನ ಬೆಂಚಿನ ಕಡೆ ತಿರುಗಲು ನನಗೆ ಧೈರ್ಯವಾಗಲಿಲ್ಲ. ತೀರ್ಪೂ ಹಾಗೇ ಬಂತು. ಕೊಲೆಯೆನಿಸದ ನರಹತ್ಯೆ, ಕೆಲವು ವರ್ಷಗಳ ಜೈಲು. ಗಂಡನನ್ನು ಪೊಲೀಸರು ಕರೆದೊಯ್ದರು. ತಾಯಿ ಮಗಳು ಶಿಕ್ಷಕಿಯ ಜೊತೆ ಬಸ್ ಸ್ಟಾಂಡ್ ಕಡೆ ಹೊರಟರು.

ಸಂಜೆ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ತಂದೆ ಬಂದು ನಿಂತರು. ಬೈಯಲು ಬಂದಿದ್ದಾರೆ ಅಂದುಕೊಂಡೆ. ಅವರು ಬೈದರೆ ಕೇಳಿಸಿಕೊಳ್ಳಬೇಕೆಂದು ಕೂತೆ.

"ಶಿಕ್ಷೆ ಕಮ್ಮಿ ಆಯ್ತು" ಎಂದರು.

"ಹೌದು."

"ಅವ್ಳೇ ಬತ್ತೀನಿ ಅಂದಿದ್ಲು ಅಂತ ಅವ್ನು ನಮ್ಮೂರ್ಗೆಲ್ಲ ಸಾರ್ಕಂಡು ಬಂದಿದ್ದ ಮೇಡಂ. ನಮ್ಮ ಮನೇವ್ರೂ ನಂಬಿದ್ರು. ಒಪ್ಕಂಡು ವೊಂಟೋಳ್ಗೆ ಇಂಗಾಯ್ತಲ್ಲ ಅಂತ ಅವುಳ್ ಅವ್ವ ದಿನಾ ಅಳ್ತಾಳೆ." ಅವರು ಮೇಜಿನ ಮೇಲಿನ ಕಾಗದಗಳ ಕಡೆ ನೋಡಿದರು. "ಅವ್ಳು ವೋಗಲ್ಲ ಅಂದಿದ್ಲು ಅಂತ ಜಡ್ಜಮೆಂಟ್ನಲ್ಲಿ ಬರ್ದವ್ರಾ?"

ತೀರ್ಪಿನ ಪ್ರತಿ ಮೇಜಿನ ಮೇಲೆಯೇ ಇತ್ತು. ಪುಟ ಹುಡುಕಿ ಆ ಸಾಲು ಓದಿದೆ. ಮೃತಳು ಹೋಗಲು ಒಪ್ಪದೆ, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು ಎಂಬುದು ಸಂಶಯಾತೀತವಾಗಿ ಸಾಬೀತಾಗಿರುತ್ತದೆ.

ಅವರು ಫೋನ್ ತೆಗೆದು ಯಾರಿಗೋ ಕರೆ ಮಾಡಿದರು. ಆ ಕಡೆಯಿಂದ ಹೆಂಗಸಿನ ದನಿ ಕೇಳಿಸಿತು. ಫೋನನ್ನು ನನ್ನ ಮುಂದೆ ಮೇಜಿನ ಮೇಲಿಟ್ಟು, "ಇನ್ನೊಂದ್ಸಲ ಓದಿ ಮೇಡಂ, ಜೋರಾಗಿ" ಎಂದರು.

ನಾನು ಓದಿದೆ.